ವಾಲಗದ ಹಾಡಿಗೆ ಡ್ರಮ್ ಲೈಬ್ರರಿ: ಕಿಟ್ ಆರಿಸಿದ್ದು, ದುಡಿಯ ಸ್ಯಾಂಪಲ್ ಕಟ್ಟಿದ್ದು

ಕಟ್ಟಬೇಕಾದದ್ದು ಇಷ್ಟು: ಕೊಡಗಿನ ವಾಲಗದ (ಕುಣಿತಕ್ಕೆ ನುಡಿಸುವ ವಾದ್ಯಮೇಳದ) ನಡೆಯ ಒಂದು ಹಾಡಿಗೆ ತಾಳದ ಟ್ರ್ಯಾಕು. ಅಡಿಯಲ್ಲಿ ಸಾಧಾರಣ ಡ್ರಮ್ ಕಿಟ್, ಅದರ ಮೇಲೆ ನಾಲ್ಕು ದುಡಿ (ಕೈಯಲ್ಲಿ ಹಿಡಿದು ಕೋಲಿನಿಂದ ಬಾರಿಸುವ ಸಣ್ಣ ಚರ್ಮವಾದ್ಯ), ಅಲ್ಲಲ್ಲಿ ಕಂಚಿನ ತಾಳ. ಸಾಮಾನು: 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್, ಎರಡು ಇನ್‌ಪುಟ್ಟಿನ ಆಡಿಯೊ ಇಂಟರ್‌ಫೇಸ್, ಒಂದು ಶೂರ್ ಎಸ್‌ಎಂ57 ಮೈಕು, ಒಂದು ಸಣ್ಣ ಡಯಾಫ್ರಮ್ಮಿನ ಕಂಡೆನ್ಸರ್ ಮೈಕು, ಎಂಟು ಪ್ಯಾಡಿನ ಮಿಡಿ ಕಂಟ್ರೋಲರ್ (ಬೆರಳಿನ ಪೆಟ್ಟನ್ನು ಕಂಪ್ಯೂಟರಿಗೆ ಸೂಚನೆಯಾಗಿ ಕಳಿಸುವ ಸಾಧನ), ರೆಕಾರ್ಡಿಂಗಿನ ಸಾಫ್ಟ್‌ವೇರ್ ರೀಪರ್.

ಡ್ರಮ್ ಕಿಟ್ಟನ್ನು ಲೈಬ್ರರಿಯಿಂದ, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಬಿಡಿ ಪೆಟ್ಟುಗಳ (ಸ್ಯಾಂಪಲ್‌ಗಳ) ಸಂಗ್ರಹದಿಂದ ತರಬಹುದು. ದುಡಿ ಅಂಗಡಿ ಕಿಟ್‌ಗಳಲ್ಲಿ ಸಿಗುವ ಸರಕಲ್ಲ, ಅದನ್ನು ಇಲ್ಲೇ ರೆಕಾರ್ಡ್ ಮಾಡಬೇಕು. ಹಾಗಾಗಿ ಕಿಟ್ ಯಾವುದಿರಬೇಕೆಂದು ಹೇಳುವುದು ದುಡಿ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ: ರೂಮಿನ ಗುಂಗು, ಕಂಪ್ರೆಷನ್ ಎಲ್ಲ ಮೊದಲೇ ತುಂಬಿದ ಕಿಟ್ ತಂದು, ಪಕ್ಕಕ್ಕೆ ಮನೆಯ ಕೋಣೆಯಲ್ಲಿ ಹಿಡಿದ ದುಡಿ ಇಡುತ್ತಾರೆ. ಒಂದು ಕಲ್ಯಾಣಮಂಟಪದಲ್ಲಿ, ಇನ್ನೊಂದು ಅಡುಗೆಮನೆಯಲ್ಲಿ ಬಾರಿಸಿದಂತೆ ಕೇಳುತ್ತದೆ. ಆಮೇಲೆ ಎಷ್ಟು ಈಕ್ಯೂ ತಿರುಗಿಸಿದರೂ ಎರಡೂ ಕೂಡುವುದಿಲ್ಲ.

ಮೊದಲು ಗಾತ್ರದ ಲೆಕ್ಕ

48 ಕಿಲೊಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೈಕಿನ ಒಂದು ಸೆಕೆಂಡಿನ ಸದ್ದಿಗೆ 1,44,000 ಬೈಟ್. ಒಂದು ಸ್ನೇರ್ ಡ್ರಮ್ಮಿಗೆ 8 ಬಲದ ಪದರ (ಮೆಲುಪೆಟ್ಟಿನಿಂದ ಜೋರುಪೆಟ್ಟಿನವರೆಗಿನ ಹಂತ), ಪದರಕ್ಕೆ 6 ಪೆಟ್ಟು, ಪೆಟ್ಟಿಗೆ 2 ಸೆಕೆಂಡು, 6 ಮೈಕು ಅಂದುಕೊಳ್ಳಿ: ಆ ಒಂದು ಸ್ನೇರೇ 83 ಎಂಬಿ ಆಗುತ್ತದೆ. ಟಾಮ್, ಸಿಂಬಲ್, ಹೈಹ್ಯಾಟ್ ಸೇರಿದರೆ ಕಿಟ್ಟಿಗೆ ಹಲವು ಜಿಬಿ ಹೇಗಾಗುತ್ತದೆ ಎಂಬುದು ಇಲ್ಲಿಂದಲೇ ತಿಳಿಯುತ್ತದೆ. ಟೂನ್‌ಟ್ರ್ಯಾಕ್‌ನ ಸುಪೀರಿಯರ್ ಡ್ರಮ್ಮರ್ 3 ಪೂರ್ತಿ ಹಾಕಿದರೆ 200 ಜಿಬಿ ದಾಟುತ್ತದೆ. ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ಪ್ಯಾಕಿನಲ್ಲಿ ಅದು ಮೂರು ತಿಂಗಳಿಗೂ ಮಿಕ್ಕಿದ ಕೆಲಸ. ತೋಟದ ಮನೆಗೆ ಫೈಬರ್ ಬಂದಿಲ್ಲದಿದ್ದರೆ ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಪರಿಚಯದವರ ಮನೆಯಲ್ಲಿ ಇಳಿಸಿಕೊಂಡು ತರುವುದೇ ಲೇಸು.

ತರುವಾಗ ಎಡವುವುದು ಪೆನ್‌ಡ್ರೈವಿನಲ್ಲಿ. ಫ್ಯಾಟ್32 ರೀತಿ ಫಾರ್ಮ್ಯಾಟ್ ಆದ ಡ್ರೈವಿಗೆ 4 ಜಿಬಿಗಿಂತ ದೊಡ್ಡ ಫೈಲ್ ಹೋಗುವುದಿಲ್ಲ. ಜಾಗ ಖಾಲಿ ಇದ್ದರೂ ಫೈಲು ತೀರಾ ದೊಡ್ಡದು ಎನ್ನುವಂಥ ಸಂದೇಶ ಬರುತ್ತದೆ. ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿ. ಲೈಬ್ರರಿ ಕೂರಬೇಕಾದದ್ದು ಎಸ್‌ಎಸ್‌ಡಿಯಲ್ಲಿ. ತಿರುಗುವ ಹಾರ್ಡ್‌ಡಿಸ್ಕಿನಿಂದ ಓಡಿಸಿದರೆ ಜೋರು ಫಿಲ್ ಬಂದ ಕಡೆಯೇ ಸದ್ದು ತುಂಡಾಗುತ್ತದೆ, ಯಾಕೆಂದರೆ ಒಂದೇ ಕ್ಷಣದಲ್ಲಿ ಹತ್ತಾರು ಬೇರೆಬೇರೆ ಫೈಲು ಓದಬೇಕಾಗುತ್ತದೆ.

ಕಿಟ್ಟಿನ ಆಯ್ಕೆ

ದುಡ್ಡು ಹಾಕುವ ಮೊದಲು ಪುಕ್ಕಟೆಯವನ್ನೇ ಒಂದೊಂದಾಗಿ ಹಾಕಿ ನೋಡಿ. ಎಂಟಿ ಪವರ್ ಡ್ರಮ್ ಕಿಟ್ 2 ಹಗುರ, ಹಾಕಿದ ಕೂಡಲೇ ರಾಕ್ ಹಾಡಿಗೆ ಸಿದ್ಧ. ಆದರೆ ಆ ಸಿದ್ಧತೆಯೇ ಇಲ್ಲಿ ತೊಡಕು, ಮಸಾಲೆ ಮೊದಲೇ ಬಿದ್ದಿದೆ. ಸ್ಟೀವನ್ ಸ್ಲೇಟ್ ಡ್ರಮ್ಸ್ 5.5ರ ಪುಕ್ಕಟೆ ಆವೃತ್ತಿಯದೂ ಹೆಚ್ಚುಕಡಿಮೆ ಅದೇ ಗುಣ. ಸಲಮಾಂಡರ್ ಡ್ರಮ್‌ಕಿಟ್ ಎಸ್‌ಎಫ್‌ಝೆಡ್ ರೂಪದಲ್ಲಿ (ಯಾವ ನೋಟಿಗೆ ಯಾವ ಸ್ಯಾಂಪಲ್ ಎಂದು ಹೇಳುವ ಪಠ್ಯದ ಫೈಲು) ಬರುತ್ತದೆ, ಹೆಚ್ಚು ಸಂಸ್ಕರಣೆ ಇಲ್ಲದ ಸದ್ದು, ಪ್ಲೋಗ್‌ನ ಸ್ಫೋರ್ಝಾಂಡೊ ಎಂಬ ಪುಕ್ಕಟೆ ಪ್ಲೇಯರಿನಲ್ಲಿ ಓಡುತ್ತದೆ. ಡ್ರಮ್‌ಗಿಝ್ಮೊ ಓಪನ್‌ಸೋರ್ಸ್, ಪ್ರತಿ ಮೈಕೂ ಬೇರೆ ಚಾನೆಲ್ಲಿನಲ್ಲಿ ಹೊರಬರುತ್ತದೆ. ರೂಮ್ ಮೈಕನ್ನು (ಕೋಣೆಯ ಗುಂಗು ಹಿಡಿಯಲು ದೂರದಲ್ಲಿಟ್ಟದ್ದು) ಪೂರ್ತಿ ಮುಚ್ಚಿಬಿಡಬಹುದಾದ್ದರಿಂದ ಈ ಕೆಲಸಕ್ಕೆ ಅದೇ ಹೊಂದುತ್ತದೆ. 8 ಜಿಬಿ ರ‍್ಯಾಮಿನಲ್ಲಿ ದೊಡ್ಡ ಕಿಟ್ ಉಸಿರುಗಟ್ಟಿದರೆ ಸಲಮಾಂಡರ್‌ಗೆ ಇಳಿಯಿರಿ. ಕೊಳ್ಳುವುದೇ ಆದರೆ ಅಡಿಕ್ಟಿವ್ ಡ್ರಮ್ಸ್ 2, ಈಝೆಡ್‌ಡ್ರಮ್ಮರ್ 3 ಎರಡರಲ್ಲೂ ರೂಮ್ ಚಾನೆಲ್ಲನ್ನು ಇಳಿಸಬಹುದು.

ಕಾಂಟ್ಯಾಕ್ಟ್ ಎಂಬ ಸ್ಯಾಂಪಲ್ ಪ್ಲೇಯರಿನ ಲೈಬ್ರರಿ ಕೊಳ್ಳುವವರು ವಿವರಪುಟದ ಸಣ್ಣಕ್ಷರ ಓದಬೇಕು. "ಪೂರ್ಣ ಕಾಂಟ್ಯಾಕ್ಟ್ ಬೇಕು" ಎಂದಿದ್ದರೆ ಪುಕ್ಕಟೆ ಕಾಂಟ್ಯಾಕ್ಟ್ ಪ್ಲೇಯರಿನಲ್ಲಿ ಅದು 15 ನಿಮಿಷ ಓಡಿ ಬಾಯಿಮುಚ್ಚುತ್ತದೆ. ಲೈಬ್ರರಿ ಕೆಟ್ಟಿದೆ ಎಂದು ಮತ್ತೆ ಡೌನ್‌ಲೋಡ್ ಮಾಡಿ ಡೇಟಾ ಸುರಿಯುವವರು ಬಹಳ.

ಡೆಮೊ ಹಾಡು ಕೇಳಿ ಕಿಟ್ ಆರಿಸಬಾರದು, ಅದರಲ್ಲಿ ಕೇಳುವುದು ಮಿಕ್ಸ್ ಮಾಡಿದವರ ಕೈಚಳಕ. ನಾಲ್ಕು ಮಿಡಿ ತುಣುಕು ಬರೆದಿಟ್ಟುಕೊಂಡು ಎಲ್ಲ ಕಿಟ್ಟಿಗೂ ಅದನ್ನೇ ಓಡಿಸಿ. ಮೊದಲನೆಯದು: 120 ಬಿಪಿಎಂನಲ್ಲಿ ಸ್ನೇರ್ ಮೇಲೆ ಎರಡು ಬಾರ್ ಹದಿನಾರನೇ ಸ್ವರಗಳು, ಒಟ್ಟು 32 ಪೆಟ್ಟು, ಎಲ್ಲದರ ವೆಲಾಸಿಟಿ (1ರಿಂದ 127ರವರೆಗೆ ಅಳೆಯುವ ಪೆಟ್ಟಿನ ಬಲ) 100. ಬಂದೂಕಿನಂತೆ ಟಟಟಟ ಎಂದರೆ ರೌಂಡ್ ರಾಬಿನ್ ಇಲ್ಲ, ಅಂದರೆ ಒಂದೇ ರೆಕಾರ್ಡಿಂಗು ಮತ್ತೆ ಮತ್ತೆ ಬರುತ್ತಿದೆ. 1980ರ ಲಿನ್ ಎಲ್‌ಎಂ-1 ಯಂತ್ರದಲ್ಲಿ ಆ ಗುಣವೇ ಸೊಗಸು, ನಾಲ್ಕು ಜನ ದುಡಿ ಬಾರಿಸುವ ಹಾಡಿನಡಿ ಅಲ್ಲ. ಎರಡನೆಯದು: ವೆಲಾಸಿಟಿ 10ರಿಂದ 127ರವರೆಗೆ ಮೆಟ್ಟಿಲುಮೆಟ್ಟಿಲಾಗಿ. ಎಲ್ಲಾದರೂ ಸದ್ದಿನ ಬಣ್ಣ ಧಡಕ್ಕನೆ ಹಾರಿದರೆ ಪದರ ಕಡಿಮೆ ಇದೆ. ಮೂರನೆಯದು ಹೈಹ್ಯಾಟ್, ಮಿಡಿ ನೋಟಿನ ಸಂಖ್ಯೆಯಲ್ಲಿ: ತೆರೆದದ್ದು 46, ಮುಚ್ಚಿದ್ದು 42, ಪೆಡಲ್ 44. 46ರ ಹಿಂದೆಯೇ 42 ಬಂದಾಗ ಮೊದಲಿನ ಸದ್ದು ನಿಲ್ಲಬೇಕು, ನಿಲ್ಲದಿದ್ದರೆ ಚೋಕ್ ಗ್ರೂಪ್ (ಒಂದು ಸದ್ದು ಇನ್ನೊಂದನ್ನು ನಿಲ್ಲಿಸುವ ಜೋಡಣೆ) ಅಥವಾ ನೋಟ್ ಮ್ಯಾಪ್ (ಯಾವ ನೋಟಿಗೆ ಯಾವ ಸದ್ದು ಎಂಬ ಪಟ್ಟಿ) ತಪ್ಪಿದೆ. ನಾಲ್ಕನೆಯದು: ರೂಮ್, ಓವರ್‌ಹೆಡ್ (ಕಿಟ್ಟಿನ ಮೇಲೆ ತೂಗಿದ) ಮೈಕು ಎರಡನ್ನೂ ಮುಚ್ಚಿ, ಕಿಕ್ (36) ಮತ್ತು ಸ್ನೇರ್ (38) ಮಾತ್ರ ಮೊನೊದಲ್ಲಿ. ಆಗಲೂ ಡ್ರಮ್ಮಿನಂತೆಯೇ ಕೇಳುತ್ತಿದ್ದರೆ ಅದು ದುಡಿಯ ಪಕ್ಕ ನಿಲ್ಲಬಲ್ಲ ಕಿಟ್.

ಲೂಪ್ ಪ್ಯಾಕ್‌ಗಳ ವಿಷಯ ಎರಡೇ ಮಾತು: ಹೆಚ್ಚಿನವು 4/4. ವಾಲಗದ ನಡೆ ತಿಶ್ರದತ್ತ (ಮೂರು-ಮೂರರ ಎಣಿಕೆಯತ್ತ) ವಾಲುವುದು, ಅದನ್ನು 4/4 ಲೂಪಿಗೆ ಹಿಗ್ಗಿಸಿ ಕೂರಿಸಿದರೆ ಕುಣಿಯುವವರ ಕಾಲು ತೊಡರುತ್ತದೆ. ಪ್ರಾಜೆಕ್ಟನ್ನು 6/8ಕ್ಕೆ ಇಟ್ಟು ಒಂದೊಂದು ಪೆಟ್ಟನ್ನೂ ಪ್ಯಾಡಿನಲ್ಲಿ ನುಡಿಸಿ, ಕ್ವಾಂಟೈಸ್ (ಪೆಟ್ಟನ್ನು ತಾಳದ ಗೆರೆಗೆ ಎಳೆಯುವುದು) 60–70 ಶೇಕಡಾ ಮಾತ್ರ. ನುಡಿಸುವಾಗ ಬಫರ್ (ಕಂಪ್ಯೂಟರ್ ಒಮ್ಮೆಗೆ ಸಂಸ್ಕರಿಸುವ ಸದ್ದಿನ ತುಣುಕು) 128 (48 ಕಿಲೊಹರ್ಟ್ಸ್‌ನಲ್ಲಿ 2.7 ಮಿಲಿಸೆಕೆಂಡು), ಮಿಕ್ಸ್ ಮಾಡುವಾಗ 1024.

ದುಡಿ ರೆಕಾರ್ಡಿಂಗ್

ಕಾಲ ನೋಡಿಕೊಂಡು ಇಳಿಯಬೇಕಾದ ಕೆಲಸ ಇದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಮೇಲೆ ಮಳೆ, ಜಿಂಕ್ ಶೀಟಾದರೆ ಕೇಳುವುದೇ ಬೇಡ. ತೇವಕ್ಕೆ ದುಡಿಯ ಚರ್ಮವೂ ಸಡಿಲಾಗಿ ಸ್ವರ ಇಳಿಯುತ್ತದೆ. ಬೇಸಗೆಯ ಮಳೆ ಬಿದ್ದ ಮೇಲೆ ಜೀರುಂಡೆ. ಜನವರಿ, ಫೆಬ್ರವರಿ ಒಳ್ಳೆಯದು, ಆದರೆ ಅದು ಕಾಫಿ ಕುಯ್ಲಿನ ಸಮಯ: ಹತ್ತಿರದಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಓಡುತ್ತಿದ್ದರೆ ಅದು ನಿಂತ ಮೇಲೆಯೇ ಮೈಕು ತೆಗೆಯಿರಿ. ಮಧ್ಯಾಹ್ನ ಊಟದ ಹೊತ್ತು ಹಕ್ಕಿ ಕಡಿಮೆ. ಕುಟ್ರುಹಕ್ಕಿಗೆ ಮಾತ್ರ ಹೊತ್ತುಗೊತ್ತಿಲ್ಲ. ಅದರ ಕುಟ್ರು ಕುಟ್ರು ಪೆಟ್ಟಿನ ಬಾಲಕ್ಕೆ ಅಂಟಿಕೊಂಡರೆ ಆ ಪೆಟ್ಟು ಹೋದಂತೆಯೇ, ಸ್ಯಾಂಪಲ್ ಬಂದಾಗಲೆಲ್ಲ ಹಕ್ಕಿಯೂ ಬರುತ್ತದೆ.

ರೆಡ್ ಆಕ್ಸೈಡ್ ನೆಲ, ಗಾರೆ ಗೋಡೆ ಎದುರುಬದುರು ಇದ್ದಲ್ಲಿ ಚಪ್ಪಾಳೆ ತಟ್ಟಿ ನೋಡಿ, ಝಿರ್ ಎಂದು ಮರಳುತ್ತದೆ. ನೆಲಕ್ಕೆ ಹಾಸಿಗೆ, ಮೈಕಿನ ಹಿಂದೆ ಗೋಡೆಯಿಂದ ಅರ್ಧ ಅಡಿ ಬಿಟ್ಟು ದಪ್ಪ ಕಂಬಳಿ. ಖಾಲಿ ಗೋಣಿಚೀಲ ನೇತುಹಾಕಿ ಪ್ರಯೋಜನವಿಲ್ಲ, ಮೇಲಿನ ಸದ್ದನ್ನಷ್ಟೇ ಸ್ವಲ್ಪ ತಿನ್ನುತ್ತದೆ. ಕಾಫಿ ಸಿಪ್ಪೆ ತುಂಬಿದ ಚೀಲ ಮೂಲೆಗೆ ಪೇರಿಸಿದರೆ ಗುಂಗು ಇನ್ನಷ್ಟು ತಗ್ಗುತ್ತದೆ.

ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ. ಚಾರ್ಜರ್ ಹಾಕಿದರೆ 50 ಹರ್ಟ್ಸಿನ ಗುಂಯ್‌ಗುಟ್ಟುವಿಕೆ, 100, 150ರಲ್ಲಿ ಅದರ ಮರಿಗಳು. ಕರೆಂಟ್ ಹೋಗಿ ಮನೆಯ ಇನ್ವರ್ಟರ್ ಮೇಲಿದ್ದರಂತೂ, ಸ್ಕ್ವೇರ್ ವೇವ್ ಆದರೆ, ಗರಗಸದಂಥ ಸದ್ದು. ಕಂಡೆನ್ಸರ್ ಮೈಕು ತೇವ ಹೀರಿದ್ದರೆ ಪಟಪಟ ಸಿಡಿಯುತ್ತದೆ. ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು ಮರುದಿನ ನೋಡಿ, ಹೆಚ್ಚಾಗಿ ಸರಿಹೋಗುತ್ತದೆ.

ಎಸ್‌ಎಂ57 ಚರ್ಮದಿಂದ 25 ಸೆಂಟಿಮೀಟರ್ ದೂರ, ನೇರ ಎದುರಿಗಲ್ಲ, ಸುಮಾರು 40 ಡಿಗ್ರಿ ಓರೆಯಾಗಿ. ಕಂಡೆನ್ಸರ್ 1 ಮೀಟರ್ ದೂರ. ಸದ್ದು ಸೆಕೆಂಡಿಗೆ 343 ಮೀಟರ್ ಓಡುವುದರಿಂದ ಎರಡರ ನಡುವಿನ 75 ಸೆಂಟಿಮೀಟರಿಗೆ 2.2 ಮಿಲಿಸೆಕೆಂಡು, ಅಂದರೆ 105 ಸ್ಯಾಂಪಲ್ (ಇಲ್ಲಿ ಸೆಕೆಂಡಿಗೆ 48,000 ಅಳತೆಬಿಂದುಗಳ ಲೆಕ್ಕ) ಅಂತರ ಬೀಳುತ್ತದೆ. ಹಾಗೇ ಕೂಡಿಸಿದರೆ ಪೆಟ್ಟು ತೆಳುವಾಗುತ್ತದೆ. ದೂರದ ಟ್ರ್ಯಾಕನ್ನು ಅಷ್ಟು ಎಡಕ್ಕೆ, ಅಂದರೆ ಬೇಗ ಬರುವಂತೆ, ಎಳೆಯಿರಿ, ಇಲ್ಲವೇ ಹತ್ತಿರದ ಮೈಕನ್ನಷ್ಟೇ ಬಳಸಿ. ಇಲ್ಲಿ ಬಳಸಿದ್ದು ಹತ್ತಿರದ್ದು ಮಾತ್ರ.

ದುಡಿ ಕೈಯಲ್ಲಿ ಹಿಡಿಯುವ ವಾದ್ಯ, ಅರ್ಧ ಗಂಟೆಯಲ್ಲಿ ಅದು ಅಂಗೈಯಗಲ ಸರಿದಿರುತ್ತದೆ. ನುಡಿಸುವವರನ್ನು ಕೂರಿಸಿ, ಮೊಣಕೈಗೆ ಆಸರೆ ಕೊಟ್ಟು, ದುಡಿಯ ಅಂಚಿನ ನೇರಕ್ಕೆ ನೆಲದಲ್ಲಿ ಟೇಪಿನ ಗುರುತು ಹಾಕಿ. ಗಡಿಯಾರ, ಬಳೆ, ಜೇಬಿನ ಚಿಲ್ಲರೆ ಹೊರಗೆ.

ನಾಲ್ಕು ಬಗೆಯ ಪೆಟ್ಟು ತೆಗೆದುಕೊಂಡರೆ ಸಾಕು: ನಡುವಿನದು, ಅಂಚಿನದು, ಕೋಲು ಚರ್ಮದ ಮೇಲೇ ಒತ್ತಿ ನಿಲ್ಲುವುದು, ಕೋಲನ್ನು ಚರ್ಮ ಹಿಡಿದ ಬಳೆಗೆ ತಾಗಿಸುವ ಟಕ್. ಹಗ್ಗ ಒತ್ತಿದರೆ ಸ್ವರ ಏರುವ ದುಡಿಯಾದರೆ ಒತ್ತಿದ ಪೆಟ್ಟನ್ನು ಐದನೆಯದಾಗಿ ಬೇರೆ ಇಡಿ, ಪಿಚ್ ಏರಿಸಿ ಅದನ್ನು ನಕಲು ಮಾಡಲಾಗದು. ಪ್ರತಿ ಬಗೆಗೆ 5 ಬಲ, ಪ್ರತಿ ಬಲಕ್ಕೆ 14 ಪೆಟ್ಟು ಹೊಡೆಸಿ 10 ಉಳಿಸಿಕೊಳ್ಳುವುದು. ರೆಕಾರ್ಡ್ ಮಾಡುವುದು ಎರಡೇ ದುಡಿ, ಅದನ್ನು ನಾಲ್ಕಾಗಿಸುವುದು ಮುಂದೆ ಬರುತ್ತದೆ: ಎರಡು ದುಡಿಗೆ ಒಟ್ಟು 560 ಪೆಟ್ಟು, 3 ಸೆಕೆಂಡಿಗೊಂದರಂತೆ 28 ನಿಮಿಷ. ಮೆಟ್ರೊನೋಮಿನ ಟಿಕ್ ಹೆಡ್‌ಫೋನಿನಿಂದ ಸೋರುತ್ತದೆ, ಪರದೆಯ ಮೇಲೆ ಮಿನುಗುವ ಬೆಳಕೇ ಸಾಕು.

ಗೇನ್ (ಮೈಕಿನ ಸದ್ದು ಹಿಗ್ಗಿಸುವ ಮಟ್ಟ) ಒಮ್ಮೆ ಇಟ್ಟರೆ ಮುಗಿಯಿತು. ಅತಿ ಜೋರು ಪೆಟ್ಟು ಮೈನಸ್ 6 ಡೆಸಿಬೆಲ್ಲಿಗೆ ತಾಗುವಂತೆ ಇಟ್ಟು, ಮೆಲ್ಲಗಿನ ಪೆಟ್ಟಿಗೂ ಅದನ್ನು ಮುಟ್ಟಬೇಡಿ. ಆ ಗೇನಿನಲ್ಲೇ 30 ಸೆಕೆಂಡು ಮೌನ ರೆಕಾರ್ಡ್ ಮಾಡಿ ನೋಡಿ: ಗದ್ದಲ ಮೈನಸ್ 60ರ ಕೆಳಗಿದ್ದರೆ ಮುಂದುವರಿಯಬಹುದು, ಮೈನಸ್ 45ರಲ್ಲಿದ್ದರೆ ಮೆಲುಪೆಟ್ಟುಗಳೆಲ್ಲ ಅದರಲ್ಲೇ ಮುಳುಗುತ್ತವೆ.

ಚರ್ಮ ಕಾಯಿಸಿ ಬಿಗಿ ಮಾಡಿದ್ದರೆ ತಣಿದಂತೆ ಸ್ವರ ಇಳಿಯುತ್ತಲೇ ಇರುತ್ತದೆ. 20 ಪೆಟ್ಟಿಗೊಮ್ಮೆ ಅದೇ ಬಲದ ಒಂದು ನಡುಪೆಟ್ಟು ಹೊಡೆಸಿ ಟ್ಯೂನರ್ ನೋಡಿ. 30 ಸೆಂಟ್ಸ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಇಳಿದಿದ್ದರೆ ನಿಲ್ಲಿಸಿ ಮತ್ತೆ ಕಾಯಿಸುವುದು. ಇದನ್ನು ಬಿಟ್ಟರೆ ಮೆಲುಪೆಟ್ಟಿಗೊಂದು ಸ್ವರ, ಜೋರುಪೆಟ್ಟಿಗೊಂದು ಸ್ವರ ಬಂದು, ಲೈಬ್ರರಿ ಕಟ್ಟಿ ಮುಗಿದ ಮೇಲೆ ಗೊತ್ತಾಗುತ್ತದೆ.

ಕತ್ತರಿಸುವುದು, ಕಟ್ಟುವುದು

ರೀಪರಿನ ಡೈನಾಮಿಕ್ ಸ್ಪ್ಲಿಟ್ ಪೆಟ್ಟುಗಳನ್ನು ಬಿಡಿಸಿಕೊಡುತ್ತದೆ. ಮೆಲುಪೆಟ್ಟುಗಳ ಪಟ್ಟಿಗೆ ಮಿತಿಯನ್ನು ಬೇರೆಯಾಗಿ ಕೆಳಗಿಳಿಸಬೇಕು. ಪ್ರತಿ ತುಂಡೂ ಪೆಟ್ಟಿಗಿಂತ 1–2 ಮಿಲಿಸೆಕೆಂಡು ಮೊದಲು ಶುರುವಾಗಲಿ. ಪೆಟ್ಟಿನ ಮೇಲೇ ಕತ್ತರಿಸಿದರೆ ಕೋಲಿನ ಚಟ್ ಹೋಗಿ ಮಂಕಾಗುತ್ತದೆ, 10 ಮಿಲಿಸೆಕೆಂಡು ಖಾಲಿ ಬಿಟ್ಟರೆ ಪ್ಯಾಡು ತಡವಾಗಿ ಮಾತಾಡಿದಂತಾಗುತ್ತದೆ. ಬಾಲಕ್ಕೆ 40 ಮಿಲಿಸೆಕೆಂಡು ಫೇಡ್, 80 ಹರ್ಟ್ಸ್ ಕೆಳಗಿನದು ಹೈಪಾಸಿನಿಂದ ಹೊರಗೆ. ಒಂದೊಂದು ತುಂಡನ್ನೂ ನಾರ್ಮಲೈಸ್ ಮಾಡಬೇಡಿ. ಮೆಲುಪೆಟ್ಟು ಜೋರಾಗಿ, ಅದರೊಟ್ಟಿಗೆ ಕೋಣೆಯ ಗದ್ದಲವೂ ಏರಿ, ಬಲದ ಏಣಿಯೇ ಕುಸಿಯುತ್ತದೆ.

ಉಳಿದ 400 ತುಂಡು, ಸರಾಸರಿ ಒಂದೂವರೆ ಸೆಕೆಂಡು, ಮೊನೊ: 86 ಎಂಬಿ. ಹಳೆಯ ಲ್ಯಾಪ್‌ಟಾಪಿಗೂ ಭಾರವಲ್ಲ. ಫೈಲಿನ ಹೆಸರು ಇಂಗ್ಲಿಷ್ ಸಣ್ಣಕ್ಷರ ಮತ್ತು ಅಂಕಿಯಲ್ಲೇ ಇರಲಿ, ನಡುವೆ ಖಾಲಿಜಾಗ ಬೇಡ.

ಎಸ್‌ಎಫ್‌ಝೆಡ್ ಎಂದರೆ ಬರೀ ಪಠ್ಯದ ಫೈಲು, ನೋಟ್‌ಪ್ಯಾಡಿನಲ್ಲೇ ಬರೆಯಬಹುದು. 400 ಸಾಲು ಕೈಯಲ್ಲಿ ಬರೆಯುವ ಹುಚ್ಚಿಗೆ ಹೋಗದೆ ಲಿಬ್ರೆಆಫೀಸ್ ಶೀಟಿನಲ್ಲಿ ಕಾಲಂ ಜೋಡಿಸಿ ಸಾಲು ಹುಟ್ಟಿಸಿ. ಒಂದೊಂದು ರೀಜನ್ನಿಗೆ (ಒಂದು ಸ್ಯಾಂಪಲ್ಲಿನ ನಮೂದಿಗೆ) ಬೇಕಾದದ್ದು: ಫೈಲಿನ ಹೆಸರು, ನೋಟಿನ ಸಂಖ್ಯೆ, ವೆಲಾಸಿಟಿಯ ಕೆಳಮಿತಿ ಮೇಲ್ಮಿತಿ ಹೇಳುವ ಲೋವೆಲ್ ಹೈವೆಲ್, ಸರದಿ ಹೇಳುವ ಸೆಕ್ ಲೆಂತ್ ಮತ್ತು ಸೆಕ್ ಪೊಸಿಷನ್, ಲೂಪ್ ಮೋಡ್ ಒನ್‌ಶಾಟ್. ಐದು ಪದರ 1–25, 26–50, 51–76, 77–102, 103–127. ನಾಲ್ಕನೆಯ ಪದರ 77ರ ಬದಲು 78ಕ್ಕೆ ಶುರುವಾಗಿದ್ದರೆ 77ರ ಪೆಟ್ಟು ಮಾಯ: ಹಾಡಿನಲ್ಲಿ ಎಲ್ಲೋ ಒಮ್ಮೊಮ್ಮೆ ಒಂದು ಪೆಟ್ಟು ಬೀಳುವುದಿಲ್ಲ, ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಮಿತಿಗಳು ಒಂದರ ಮೇಲೊಂದು ಬಿದ್ದಿದ್ದರೆ ಎರಡು ಸ್ಯಾಂಪಲ್ ಒಟ್ಟಿಗೆ. ಸರದಿಯ ಎರಡೂ ಸಾಲು ಮರೆತರೆ ಆ ಪದರದ ಎಲ್ಲವೂ ಒಮ್ಮೆಗೇ ಸಿಡಿದು ಮೀಟರ್ ಕೆಂಪಾಗುತ್ತದೆ.

ಆಂಪ್ ವೆಲ್‌ಟ್ರ್ಯಾಕ್ ಎಂಬ ಸೂಚನೆ (ವೆಲಾಸಿಟಿಗೆ ತಕ್ಕಂತೆ ಸದ್ದು ಎಷ್ಟು ಏರಿಳಿಯಬೇಕು ಎಂಬುದು) ತಾನಾಗಿ 100ರಲ್ಲಿರುತ್ತದೆ. ಅಂದರೆ ವೆಲಾಸಿಟಿ 64ಕ್ಕೆ ಪ್ಲೇಯರೇ ಸುಮಾರು 12 ಡೆಸಿಬೆಲ್ ಇಳಿಸುತ್ತದೆ. ನಮ್ಮ ಪದರಗಳಲ್ಲಿ ಆ ಇಳಿತ ಮೊದಲೇ ಇದೆಯಲ್ಲ, ಎರಡು ಸಲ ಇಳಿದು ಮೆಲುಪೆಟ್ಟು ಕೇಳದೇ ಹೋಗುತ್ತದೆ. 25–30ಕ್ಕೆ ಇಳಿಸಿ, ಪದರದೊಳಗಿನ ಸಣ್ಣ ಏರಿಳಿತಕ್ಕೆ ಅಷ್ಟು ಸಾಕು.

ಸರದಿ ಎಷ್ಟಿರಬೇಕು? ಇಲ್ಲಿ ಮೂರು ಇಟ್ಟರೆ ಕೆಡುತ್ತದೆ. ತಿಶ್ರದ ನಡೆಯಲ್ಲಿ ಮೂರು ಪೆಟ್ಟು, ಮೂರು ಸ್ಯಾಂಪಲ್: ಪ್ರತಿ ಸಲವೂ ಮೊದಲ ಪೆಟ್ಟಿಗೆ ಅದೇ ಫೈಲು, ಎರಡನೆಯದಕ್ಕೆ ಅದೇ ಫೈಲು. ರೌಂಡ್ ರಾಬಿನ್ ಇದ್ದೂ ಯಂತ್ರದಂತೆಯೇ ಕೇಳುತ್ತದೆ. ಐದು ಇಟ್ಟರೆ ಸರದಿ ತಾಳದೊಂದಿಗೆ ಜಾರುತ್ತಾ ಹೋಗುತ್ತದೆ. ಕೊಂಡ ಕಿಟ್ಟಿನಲ್ಲೂ ಇದನ್ನು ಪರೀಕ್ಷಿಸಬೇಕು, 4/4ರಲ್ಲಿ ಚೆನ್ನಾಗಿ ಕೇಳಿದ ಹೈಹ್ಯಾಟ್ 6/8ರಲ್ಲಿ ಗುಟ್ಟು ಬಿಟ್ಟುಕೊಡುವುದುಂಟು.

ಎರಡು ದುಡಿಯಿಂದ ನಾಲ್ಕು

ಹಾಡುವ ನಾಲ್ವರ ಕೈಯಲ್ಲೂ ದುಡಿ. ಒಂದೇ ಟ್ರ್ಯಾಕನ್ನು ನಾಲ್ಕು ಸಲ ನಕಲು ಮಾಡಿದರೆ ನಾಲ್ಕು ದುಡಿ ಆಗುವುದಿಲ್ಲ. ಒಂದೇ ಸ್ಯಾಂಪಲ್ ಎರಡು ಸಲ ಕೂಡಿದರೆ 6 ಡೆಸಿಬೆಲ್ ಜೋರಾದ ಒಂದೇ ದುಡಿ, ಚೂರು ಹಿಂದೆಮುಂದಾದರೆ ಪೈಪಿನೊಳಗಿಂದ ಬಂದಂಥ ಸದ್ದು. ಅದಕ್ಕೇ ಪ್ರತಿ ಬಲಕ್ಕೆ 10 ಪೆಟ್ಟು ಉಳಿಸಿಕೊಂಡಿದ್ದು: ಮೊದಲ ದುಡಿಯ 10ರಲ್ಲಿ 5 ಒಬ್ಬರಿಗೆ, 5 ಇನ್ನೊಬ್ಬರಿಗೆ, ಎರಡನೆಯ ದುಡಿಯದೂ ಹಾಗೇ. ನಾಲ್ಕು ಎಸ್‌ಎಫ್‌ಝೆಡ್ ಫೈಲು, ನಾಲ್ಕು ಸ್ಫೋರ್ಝಾಂಡೊ. ಟ್ಯೂನ್ ಕ್ರಮವಾಗಿ 0, +35, −40, +15 ಸೆಂಟ್ಸ್. ಡಿಲೇ ರ‍್ಯಾಂಡಮ್ (ಪೆಟ್ಟುಗಳು ಹೆಚ್ಚುಕಡಿಮೆಯಾಗಿ ತಡವಾಗಬಹುದಾದ ಗರಿಷ್ಠ ಅಂತರ) 0.015 ಸೆಕೆಂಡು, ಇದಕ್ಕಿಂತ ಹೆಚ್ಚಾದರೆ ಪೆಟ್ಟು ಚೆದುರುತ್ತದೆ. ಪ್ಯಾನಿನಲ್ಲಿ ನಾಲ್ವರನ್ನೂ ಅತ್ತಿತ್ತ ತುದಿಗೆ ತಳ್ಳದೆ 30 ಶೇಕಡಾದೊಳಗೆ ಇಡಿ, ಅವರು ನಿಲ್ಲುವುದು ಒತ್ತೊತ್ತಾಗಿ. ಕಂಚಿನ ತಾಳ ಬರುವ ಕಡೆ ಹೈಹ್ಯಾಟ್ ಮುಚ್ಚಿಬಿಡಿ, ಎರಡೂ ಒಂದೇ ಎತ್ತರದ ಸದ್ದಿಗೆ ಕಚ್ಚಾಡುತ್ತವೆ.

ಹಕ್ಕಿನ ವಿಷಯ ಇಲ್ಲೇ ಮುಗಿಸುವುದು. ಕೊಂಡ ಲೈಬ್ರರಿಯ ಪೆಟ್ಟನ್ನು ಹಾಡಿನಲ್ಲಿ ಬಳಸಬಹುದು, ದುಡಿಯ ಫೋಲ್ಡರಿಗೆ ಸೇರಿಸಿ ಇನ್ನೊಬ್ಬರಿಗೆ ಹಂಚುವಂತಿಲ್ಲ. ಸದ್ದುಗಳನ್ನು ಹಂಚಿಕೊಳ್ಳುವ ಫ್ರೀಸೌಂಡ್ ತಾಣದಿಂದ ತಂದದ್ದರಲ್ಲಿ ವಾಣಿಜ್ಯ ಬಳಕೆ ಸಲ್ಲದು ಎಂಬ ಪರವಾನಗಿ ಇದ್ದರೆ ದುಡ್ಡು ಬರುವ ಯೂಟ್ಯೂಬ್ ಹಾಡಿಗೆ ಹಾಕಬೇಡಿ. ದುಡಿ ನುಡಿಸಿದವರಿಗೆ ಸಂಭಾವನೆ ಕೊಡಿ, ಸ್ಯಾಂಪಲ್ ಹಾಡುಗಳಲ್ಲಿ ಮತ್ತೆ ಮತ್ತೆ ಬರುತ್ತದೆ ಎಂದು ಬಿಡಿಸಿ ಹೇಳಿ ಒಪ್ಪಿಗೆ ಬರೆಸಿಕೊಳ್ಳಿ. ಒಂದು ದಿನದ ವಾಲಗಕ್ಕೆ ಕೊಡುವ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಎರಡಕ್ಕೂ ಒಂದೇ ಕೋಣೆ

ಕಿಟ್ ಒಣ, ದುಡಿ ಒಣ. ಇನ್ನು ಎರಡನ್ನೂ ಒಂದೇ ಜಾಗದಲ್ಲಿ ಕೂರಿಸುವುದು. ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ನೆಲ್ಲಕ್ಕಿ ನಡುಬಾಡೆಯಷ್ಟು (ದೀಪವಿಡುವ ನಡುಕೋಣೆಯಷ್ಟು) ಹೊಂದುವ ಜಾಗ ಈ ಹಾಡಿಗೆ ಬೇರೆ ಇಲ್ಲ. ಪಟ್ಟೆದಾರರ (ಕುಟುಂಬದ ಹಿರಿಯರ) ಒಪ್ಪಿಗೆ ಪಡೆದು, ಚಪ್ಪಲಿ ಹೊರಗೆ ಬಿಟ್ಟು, ಕಂಡೆನ್ಸರ್ ಮೈಕನ್ನು ನಡುಬಾಡೆಯ ಒಂದು ಬದಿಗೆ ಎದೆಮಟ್ಟದಲ್ಲಿ ನಿಲ್ಲಿಸಿ, 4 ಮೀಟರ್ ದೂರದಲ್ಲಿ ದೊಡ್ಡ ಬಲೂನು ಒಡೆಯಿರಿ. ಐದಾರು ಸಲ ಒಡೆದು ಸ್ವಚ್ಛವಾದ ಒಂದನ್ನು ಆರಿಸಿಕೊಳ್ಳುವುದು. ಕೋವಿ ಮನೆಯಲ್ಲೇ ಇದೆ ಎಂದು ಒಳಗೆ ಹಾರಿಸಲು ಹೋಗಬೇಡಿ. ಮೈಕೂ ಕ್ಲಿಪ್ ಆಗುತ್ತದೆ, ಹೆಂಚೂ ಉಳಿಯುವುದಿಲ್ಲ. ಆ ರೆಕಾರ್ಡಿಂಗನ್ನು ಬಲೂನಿನ ಪೆಟ್ಟಿನಿಂದಲೇ ಶುರುವಾಗುವಂತೆ ಕತ್ತರಿಸಿ, ರೀಪರಿನ ರಿಯಾವರ್ಬ್‌ನಲ್ಲಿ ಇಂಪಲ್ಸ್ (ಕೋಣೆಯ ಗುಂಗಿನ ಮಾದರಿ) ಆಗಿ ಹಾಕಿ, ಡ್ರೈ (ಗುಂಗಿಲ್ಲದ ಮೂಲ ಸದ್ದು) ಪೂರ್ತಿ ಇಳಿಸಿ ಬೇರೆ ಟ್ರ್ಯಾಕಿನಲ್ಲಿಡಿ. ನಾಲ್ಕು ದುಡಿ, ಸ್ನೇರ್, ಟಾಮ್, ತಾಳ ಎಲ್ಲವನ್ನೂ ಅದಕ್ಕೆ ಮೈನಸ್ 14 ಡೆಸಿಬೆಲ್ಲಿನಿಂದ ಶುರುಮಾಡಿ ಕಳಿಸುತ್ತಾ ಹೋಗಿ. ಕಿಕ್ ಮಾತ್ರ ಮೈನಸ್ 24, ಹೆಚ್ಚು ಕಳಿಸಿದರೆ ಮರದ ಅಟ್ಟ ನಡುಗಿದಂತೆ ಗುಂಯ್ಯೆನ್ನುತ್ತದೆ. ಆ ಟ್ರ್ಯಾಕಿನಲ್ಲಿ 150 ಹರ್ಟ್ಸ್ ಕೆಳಗೆ ಹೈಪಾಸ್ ಹಾಕಿದರೆ ಅದೂ ತಗ್ಗುತ್ತದೆ.

ಎಲ್ಲ ಕೂತ ಮೇಲೆ ಪ್ರತಿ ಟ್ರ್ಯಾಕನ್ನೂ 24 ಬಿಟ್ ವೇವ್ ಫೈಲಾಗಿ ರೆಂಡರ್ ಮಾಡಿ ಪ್ರಾಜೆಕ್ಟಿನೊಳಗೇ ಇಡಿ. ಮುಂದಿನ ವರ್ಷ ಪ್ಲೇಯರ್ ಬದಲಾಗಿ ಲೈಬ್ರರಿ ತೆರೆಯದಿದ್ದರೂ ಪೆಟ್ಟು ಉಳಿದಿರುತ್ತದೆ. ದುಡಿಯ 86 ಎಂಬಿ ಫೋಲ್ಡರಿನ ಒಂದು ಪ್ರತಿ ನುಡಿಸಿದವರ ಫೋನಿಗೂ ಹಾಕಿ ಕೊಡಿ.